ಮೊಳಕೆ ರಾಗಿ, ಹಾರ್ಲಿಕ್ಸ್ ಮತ್ತು ಮಗುವಿನ ಮೊದಲ ತುತ್ತು

ಹಾರ್ಲಿಕ್ಸ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಕಾಯಿಲೆ ಬಿದ್ದವರನ್ನು ನೋಡಲು ಹೋಗುವಾಗ ಕೈಯಲ್ಲಿ ಹಿಡಿದುಕೊಂಡು ಹೋಗುವ ಬಾಟಲಿ. ಆದರೆ ಆ ಕಂಪನಿ ಶುರುವಾಗಿದ್ದೇ ಮಕ್ಕಳ ಆಹಾರ ಮಾರುವುದಕ್ಕೆ ಅಂತ ಎಷ್ಟು ಜನಕ್ಕೆ ಗೊತ್ತು? ಇಂಗ್ಲೆಂಡಿನಿಂದ ಹೋಗಿ ನೆಲೆಸಿದ ಜೇಮ್ಸ್ ಮತ್ತು ವಿಲಿಯಂ ಹಾರ್ಲಿಕ್ ಎಂಬ ಅಣ್ಣತಮ್ಮಂದಿರು 1873ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಇದನ್ನು ಆರಂಭಿಸಿದರು. 1883ರಲ್ಲಿ ಅವರು ಪಡೆದ ಪೇಟೆಂಟ್ ಕೂಡ ಹಸುಗೂಸುಗಳ ಹರಳು ಹರಳಾದ ಆಹಾರದ ಹೆಸರಿನಲ್ಲೇ ಇದೆ. ಅದರ ಮೂಲ ಸಾಮಗ್ರಿ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅಂದರೆ ಮಾಲ್ಟ್.

ಈಗ ನಮ್ಮ ಹಳೇ ಮೈಸೂರು ಕಡೆಯ ರಾಗಿ ಸರಿ ನೆನಪಿಸಿಕೊಳ್ಳಿ. ರಾಗಿಯನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಕೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಬೆಚ್ಚಗೆ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜಾಲಿಸಿದ ಹಿಟ್ಟು. ಅದೂ ಮಾಲ್ಟೇ! ಅಂದರೆ ಹಾರ್ಲಿಕ್ಸ್ ಮತ್ತು ಸರಿಹಿಟ್ಟು ದಾಯಾದಿಗಳು :-) ಈ ಎರಡು ಮನೆತನಗಳು ಭೇಟಿಯಾದ ಕತೆಯೇ ಇವತ್ತಿನ ವಿಷಯ.

ಮೊದಲು ಸಮಸ್ಯೆ ಏನು ಅಂತ ನೋಡೋಣ. ಮಗುವಿನ ಹೊಟ್ಟೆ ಬಹಳ ಚಿಕ್ಕದು. ಒಂದು ಕಿಲೋ ತೂಕಕ್ಕೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಆಹಾರ ಹಿಡಿಸುತ್ತದೆ ಎಂಬುದು ಪೌಷ್ಟಿಕತಜ್ಞರ ಲೆಕ್ಕ. 8 ಕಿಲೋ ಮಗುವಿಗೆ 240 ಗ್ರಾಂ ಅಂದುಕೊಳ್ಳಿ. ಗಂಜಿಯಲ್ಲಿ ಹತ್ತರಲ್ಲೊಂದು ಪಾಲು ರಾಗಿಹಿಟ್ಟು ಇದ್ದರೆ, ಹೊಟ್ಟೆ ತುಂಬಾ ಕುಡಿದರೂ ಸಿಗುವುದು 80 ಕ್ಯಾಲೊರಿ. ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲಿನ ಜೊತೆಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು, ಒಂದು ವರ್ಷ ದಾಟಿದರೆ 550. ಸರಿ, ಹಿಟ್ಟು ಎರಡರಷ್ಟು ಹಾಕೋಣ ಅಂದರೆ ಗಂಜಿ ಮುದ್ದೆಯ ದಾರಿ ಹಿಡಿಯುತ್ತದೆ! ಹಲ್ಲಿಲ್ಲದ ಬಾಯಿ ಅದನ್ನು ನುಂಗಲಾರದು. ತಾಯಿ ಪಾಪ ನೀರು ಸುರಿದು ತೆಳ್ಳಗೆ ಮಾಡುತ್ತಾಳೆ. ಮಗುವಿನ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಎಷ್ಟೋ ಮನೆಗಳಲ್ಲಿ ಮಕ್ಕಳು ಸೊರಗಿದ್ದಕ್ಕೆ ಬಡತನದ ಜೊತೆ ಈ ನೀರೂ ಒಂದು ಕಾರಣ.

ಹಿಟ್ಟು ಬೆಂದಾಗ ಗಟ್ಟಿಯಾಗುವುದು ಅದರಲ್ಲಿರುವ ಪಿಷ್ಟ ನೀರು ಕುಡಿದು ಉಬ್ಬುವುದರಿಂದ. ಕಾಳು ಮೊಳೆಯುವಾಗ ಅದೇ ಪಿಷ್ಟವನ್ನು ಕತ್ತರಿಸಿ ಸಕ್ಕರೆಯಾಗಿಸಲು ಒಂದು ಕಿಣ್ವ ತಯಾರಾಗುತ್ತದೆ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಮೊಳಕೆ ಬಾರ್ಲಿಯಿಂದ ಇದನ್ನು ಬೇರ್ಪಡಿಸಿ ಡಯಾಸ್ಟೇಸ್ ಎಂದು ಹೆಸರಿಟ್ಟರು. ಇವತ್ತು ಅಮೈಲೇಸ್ ಅನ್ನುತ್ತೇವೆ. ಮೊಳಕೆ ಹಿಟ್ಟಿನ ಗಂಜಿ ಕಾಯಿಸುವಾಗ ಈ ಕಿಣ್ವ ಪಿಷ್ಟದ ಉದ್ದುದ್ದ ಸರಪಳಿಗಳನ್ನು ತುಂಡು ಮಾಡುತ್ತದೆ, ಗಂಜಿ ತೆಳ್ಳಗಾಗುತ್ತದೆ. ನೀರು ಹೆಚ್ಚಿಸದೇ, ಹಿಟ್ಟು ಎರಡರಷ್ಟಿದ್ದರೂ ಒಳಲೆಯಲ್ಲಿ ಕುಡಿಸುವಷ್ಟು ತೆಳು!

ಇದನ್ನು ಮಗುವಿನ ಬಾಯಿಗೆ ತಂದ ಮೊದಲ ದೊಡ್ಡ ವಿಜ್ಞಾನಿ ಜರ್ಮನಿಯ ಯುಸ್ಟಸ್ ಫಾನ್ ಲೀಬಿಗ್. 1865ರಲ್ಲಿ ಆತ ಗೋಧಿಹಿಟ್ಟು, ಮಾಲ್ಟ್ ಹಿಟ್ಟು, ಹಸುವಿನ ಹಾಲು ಮತ್ತು ಸ್ವಲ್ಪ ಪೊಟ್ಯಾಸಿಯಂ ಬೈಕಾರ್ಬೊನೇಟ್ ಸೇರಿಸಿ ಶಿಶುಗಳ ಸೂಪ್ ಒಂದನ್ನು ಪ್ರಕಟಿಸಿದ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಇದು ತಾಯಿಯ ಹಾಲಿಗೇ ಸಮ ಎಂದುಬಿಟ್ಟ! ಪ್ಯಾರಿಸ್‌ನ ಪ್ರಸೂತಿ ವೈದ್ಯ ದೆಪೋಲ್ ಅದನ್ನು ನಂಬಿ ನಾಲ್ಕು ನವಜಾತ ಶಿಶುಗಳಿಗೆ ಕುಡಿಸಿ ನೋಡಿದ. ಕೆಲವೇ ದಿನಗಳಲ್ಲಿ ನಾಲ್ಕೂ ಸತ್ತವು. 1867ರಲ್ಲಿ ಫ್ರಾನ್ಸಿನ ವೈದ್ಯರಲ್ಲಿ ಇದು ದೊಡ್ಡ ವಿವಾದವಾಯಿತು. ಆದರೆ ವ್ಯಾಪಾರ ನಿಲ್ಲಲಿಲ್ಲ. ಲಂಡನ್ನಿನ ಮೆಲಿನ್, ಅಲ್ಲೇ ಕೆಲಸ ಕಲಿತ ಜೇಮ್ಸ್ ಹಾರ್ಲಿಕ್, ಸ್ವಿಟ್ಜರ್ಲೆಂಡಿನ ಹೆನ್ರಿ ನೆಸ್ಲೆ (ಆತನ ಹಾಲುಹಿಟ್ಟು ಬಂದದ್ದೂ 1867ರಲ್ಲೇ) ಒಬ್ಬರ ಹಿಂದೆ ಒಬ್ಬರು ಡಬ್ಬಿಗಳನ್ನು ಮಾರುಕಟ್ಟೆಗೆ ತಂದರು.

ಲೀಬಿಗ್‌ನ ರಸಾಯನಶಾಸ್ತ್ರ ತಪ್ಪಿರಲಿಲ್ಲ, ವಯಸ್ಸಿನ ಲೆಕ್ಕ ತಪ್ಪಿತ್ತು. ಹುಟ್ಟಿದ ಕೂಸಿಗೆ ಪಿಷ್ಟ ಅರಗಿಸುವ ಶಕ್ತಿ ತೀರಾ ಕಡಿಮೆ. ಅದಕ್ಕೆ ಬೇಕಾದದ್ದು ಎದೆಹಾಲು ಮಾತ್ರ. ನಮ್ಮ ಗೃಹ್ಯಸೂತ್ರಗಳು ಅನ್ನಪ್ರಾಶನಕ್ಕೆ ಆರನೇ ತಿಂಗಳು ಎಂದು ಹೇಳಿವೆ. ವಿಶ್ವ ಆರೋಗ್ಯ ಸಂಸ್ಥೆ ಬಹಳ ಕಾಲ ನಾಲ್ಕರಿಂದ ಆರು ತಿಂಗಳು ಅನ್ನುತ್ತಿದ್ದು, 2001ರಲ್ಲಿ ಆರು ತಿಂಗಳು ಎಂದು ಗಟ್ಟಿಮಾಡಿತು. ಶಿಶು ಆಹಾರದ ಪ್ರಚಾರಕ್ಕೆ ಕಡಿವಾಣ ಹಾಕುವ ಭಾರತದ 1992ರ ಕಾಯ್ದೆಯಲ್ಲೂ ನಾಲ್ಕು ತಿಂಗಳು ಅಂತಿದ್ದದ್ದು 2003ರ ತಿದ್ದುಪಡಿಯಲ್ಲಿ ಆರಾಯಿತು.

ಇನ್ನು ಮೈಸೂರಿಗೆ ಬರೋಣ. 1950ರಲ್ಲಿ ಚೆಲುವಾಂಬ ವಿಲಾಸದ ಬಂಗಲೆಯಲ್ಲಿ ಸಿ.ಎಫ್.ಟಿ.ಆರ್.ಐ ಆರಂಭವಾಯಿತು. ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಕಂಡುಹಿಡಿದು ಅಮುಲ್‌ಗೆ ಕೊಟ್ಟದ್ದು ಇದೇ ಸಂಸ್ಥೆ. ಆ ಕತೆ ಬಹಳ ಜನಕ್ಕೆ ಗೊತ್ತು. ಅಷ್ಟು ಪ್ರಚಾರ ಸಿಗದ ಕೆಲಸ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಅವರದ್ದು. ಅವರು ನಮ್ಮ ಸರಿಹಿಟ್ಟನ್ನೇ ಪ್ರಯೋಗಾಲಯಕ್ಕೆ ತಂದರು. ಯಾವ ಧಾನ್ಯ ಮೊಳೆತರೆ ಗಂಜಿ ಎಷ್ಟು ತೆಳುವಾಗುತ್ತದೆ ಅಂತ ಅಳೆದರು. ಸ್ವೀಡನ್ನಿನ ಪೌಷ್ಟಿಕತಜ್ಞರೊಂದಿಗೆ 1981ರಲ್ಲಿ ಒಂದು ಪ್ರಬಂಧ, 1982ರಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳು ಸೇರಿಸಿದ ಮಕ್ಕಳ ಆಹಾರದ ಪ್ರಬಂಧ ಪ್ರಕಟಿಸಿದರು. ಅದೇ ದಶಕದಲ್ಲಿ ಬರೋಡಾದ ವಿಶ್ವವಿದ್ಯಾಲಯದಲ್ಲಿ ತಾರಾ ಗೋಪಾಲದಾಸ್ ಅವರ ತಂಡ ಇನ್ನೊಂದು ಸುಲಭ ದಾರಿ ತೋರಿಸಿತು. ಎಲ್ಲ ಹಿಟ್ಟೂ ಮೊಳಕೆಯದ್ದೇ ಆಗಬೇಕಿಲ್ಲ, ಮಾಮೂಲಿ ಗಂಜಿಗೆ ಒಂದು ಚಿಟಿಕೆ ಮೊಳಕೆ ಹಿಟ್ಟು ಬೆರೆಸಿದರೂ ಸಾಕು! ತಾಂಜಾನಿಯಾದಲ್ಲೂ ಆಗ ಇದೇ ಪ್ರಯೋಗ ನಡೆದಿತ್ತು, ಅಲ್ಲಿ ಆ ಹಿಟ್ಟಿಗೆ ಕಿಮೇಯಾ ಅನ್ನುತ್ತಾರೆ. ರಾಗಿಯ ತವರು ಪೂರ್ವ ಆಫ್ರಿಕಾ ಅನ್ನೋದು ನೆನಪಿರಲಿ. ತವರುಮನೆ, ಗಂಡನಮನೆ ಎರಡೂ ಕಡೆ ಒಂದೇ ಉಪಾಯ.

ಇಷ್ಟು ಓದಿ "ನೋಡಿದ್ರಾ, ನಮ್ಮ ಅಜ್ಜಿಯರಿಗೆ ಎಲ್ಲಾ ಗೊತ್ತಿತ್ತು" ಅಂತ ಎದೆಯುಬ್ಬಿಸುವ ಮುನ್ನ ಸ್ವಲ್ಪ ತಡೆಯಿರಿ. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುವುದೂ ಅದೇ ಅಜ್ಜಿಯರ ಪದ್ಧತಿ. ಜೇನಿನಲ್ಲಿ ಬಾಟ್ಯುಲಿಸಂ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ಅವು ಶಿಶುವಿನ ಕರುಳಲ್ಲಿ ಬೆಳೆದು ವಿಷ ಉಂಟುಮಾಡುತ್ತವೆ ಅನ್ನೋದು 1976ರಲ್ಲಿ ಅಮೆರಿಕದಲ್ಲಿ ಗೊತ್ತಾಯಿತು. ಕುದಿಸಿದರೂ ಬೀಜಾಣು ಸಾಯುವುದಿಲ್ಲ. ಒಂದು ವರ್ಷ ತುಂಬುವ ತನಕ ಜೇನು ಬೇಡವೇ ಬೇಡ.

ಸರಿಹಿಟ್ಟಿನಲ್ಲೂ ಒಂದೊಂದು ಹೆಜ್ಜೆಗೂ ಕಾರಣ ಇದೆ. ಕಾಳು ಕಪ್ಪಾಗುವಂತೆ ಹುರಿದರೆ ಘಮ ಬರುತ್ತದೆ, ಕಿಣ್ವ ಸಾಯುತ್ತದೆ. ಹಿಟ್ಟನ್ನು ನೇರ ಕುದಿಯುವ ನೀರಿಗೆ ಸುರಿದರೂ ಅಷ್ಟೇ. ತಣ್ಣೀರಲ್ಲಿ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತಾ ಹೋದರೆ ಕಿಣ್ವಕ್ಕೆ ಕೆಲಸ ಮಾಡಲು ಸಮಯ ಸಿಗುತ್ತದೆ. ಆಮೇಲೆ ಚೆನ್ನಾಗಿ ಕುದಿಸಲೇಬೇಕು, ಮೊಳಕೆ ಬರುವ ಬೆಚ್ಚನೆಯ ತೇವದಲ್ಲಿ ಬ್ಯಾಕ್ಟೀರಿಯಾಗಳೂ ಬೆಳೆದಿರುತ್ತವೆ. ಮಳೆಗಾಲದಲ್ಲಿ ಸರಿಯಾಗಿ ಒಣಗದೆ ಬೂಸ್ಟು ಹಿಡಿದ ರಾಗಿಯನ್ನು ಎಸೆಯುವುದೇ ಕ್ಷೇಮ. ಉತ್ತರ ಕರ್ನಾಟಕದವರು ಜೋಳ ಮೊಳಕೆ ಬರಿಸುವುದಾದರೆ ಮೊಳಕೆಯನ್ನು ಪೂರ್ತಿ ಉಜ್ಜಿ ತೆಗೆಯಲೇಬೇಕು, ಜೋಳದ ಮೊಳಕೆಯಲ್ಲಿ ಸಯನೈಡ್ ಬಿಡುವ ಧುರಿನ್ ಎಂಬ ವಸ್ತು ಇರುತ್ತದೆ.

ಎಲ್ಲಕ್ಕಿಂತ ಮುಖ್ಯ, ಮಾಡಿದ ಸರಿಯನ್ನು ಆಗಿಂದಾಗ್ಗೆ ತಿನ್ನಿಸುವುದು. 1979ರಲ್ಲಿ ಬ್ಯಾರೆಲ್ ಮತ್ತು ರೋಲ್ಯಾಂಡ್ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದ ಹಳ್ಳಿಯ ಮಕ್ಕಳ ಗಂಜಿಯನ್ನು ಪರೀಕ್ಷಿಸಿದ ವರದಿ ಬಂತು. ಇಟ್ಟಷ್ಟೂ ಹೊತ್ತು ಬ್ಯಾಕ್ಟೀರಿಯಾ ಹೆಚ್ಚುತ್ತಿತ್ತು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಹೊಲಕ್ಕೆ ಹೋಗುವ ತಾಯಿ ಬೆಳಿಗ್ಗೆಯೇ ಮಾಡಿಟ್ಟ ಗಂಜಿ ಮಧ್ಯಾಹ್ನಕ್ಕೆ ಭೇದಿಯ ಮೂಲವಾಗಬಲ್ಲದು. ಇದು ಗ್ಯಾಂಬಿಯಾಕ್ಕೆ ಮಾತ್ರ ಅನ್ವಯಿಸುವ ಮಾತಲ್ಲ, ಆಫೀಸಿಗೆ ಹೊರಡುವ ಮೊದಲು ಫ್ಲಾಸ್ಕಿಗೆ ತುಂಬಿಡುವ ನಮ್ಮ ಬೆಂಗಳೂರಿಗೂ ಹೌದು.

ಇನ್ನೊಂದು ಮಾತು. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ನಿಜ. ಆದರೆ ಆರು ತಿಂಗಳ ಹೊತ್ತಿಗೆ ಮಗು ಹುಟ್ಟುವಾಗ ತಂದ ಕಬ್ಬಿಣದ ದಾಸ್ತಾನು ಮುಗಿಯುತ್ತಾ ಬರುತ್ತದೆ, ಅದನ್ನು ರಾಗಿಯೊಂದೇ ತುಂಬಲಾರದು. ಹೆಸರುಬೇಳೆ, ಸೊಪ್ಪು, ಹಣ್ಣು, ತಿನ್ನುವವರ ಮನೆಯಲ್ಲಿ ಮೊಟ್ಟೆ, ಮಾಂಸ ಎಲ್ಲವೂ ಒಂದೊಂದಾಗಿ ಬರಬೇಕು.

ಹೀಗೆ ನೋಡಿದರೆ ಈ ಕತೆಯಲ್ಲಿ ಯಾರೂ ಪೂರ್ತಿ ಗೆದ್ದಿಲ್ಲ. ಅಜ್ಜಿಗೆ ಮೊಳಕೆ ಗೊತ್ತಿತ್ತು, ಜೇನಿನ ಅಪಾಯ ಗೊತ್ತಿರಲಿಲ್ಲ. ಲೀಬಿಗ್‌ಗೆ ಮಾಲ್ಟ್ ಗೊತ್ತಿತ್ತು, ಮಗು ಗೊತ್ತಿರಲಿಲ್ಲ. ಇಬ್ಬರ ತಿಳಿವಳಿಕೆಯನ್ನೂ ಅಳೆದು ನೋಡಿ ಒಳ್ಳೆಯದನ್ನು ಉಳಿಸಿಕೊಂಡ ಮೈಸೂರಿನವರ ಬಗ್ಗೆ ನಾವು ಕನ್ನಡದಲ್ಲಿ ಇನ್ನೂ ಬರೆಯಬೇಕಿದೆ.

ಅಂದ ಹಾಗೆ, ಕರಾವಳಿಯಲ್ಲಿ ರಾಗಿ ನೆನೆಸಿ ಅರೆದು ಹಾಲು ತೆಗೆದು ಮಣ್ಣಿ ಮಾಡುತ್ತಾರೆ. ನಿಮ್ಮ ಕಡೆ ಮಗುವಿಗೆ ಮೊದಲ ತುತ್ತು ಯಾವುದು, ಅದಕ್ಕೆ ಏನಂತಾರೆ? ದಯವಿಟ್ಟು ಬರೆದು ತಿಳಿಸಿ.