ಹಾಂಗ್‌ಕಾಂಗಿನ ಗಡಂಗು

ದಕ್ಷಿಣ ಕನ್ನಡದವರ ಬಾಯಲ್ಲಿ ‘ಗಡಂಗು’ ಎಂದರೆ ಹೆಂಡ, ಸಾರಾಯಿ ಮಾರುವ ಅಂಗಡಿ. ಮರ್ಯಾದಸ್ಥರು ಅತ್ತ ನೋಡದೆ ದಾಟಿಹೋಗುತ್ತಿದ್ದ ಜಾಗ. ಈ ಪದದ ದಾಯಾದಿಯೊಂದು ಮಾತ್ರ ಕಡಲಾಚೆ ಹೋಗಿ, ಸೂಟುಬೂಟು ಹಾಕಿಕೊಂಡು ದೊಡ್ಡ ಕಂಪನಿಯೊಂದರ ಬೋರ್ಡಿನ ಮೇಲೆ ಕೂತಿತು.

1886ರಲ್ಲಿ ಹುಟ್ಟಿದ ಆ ಕಂಪನಿಯ ಹೆಸರು ‘ಹಾಂಗ್‌ಕಾಂಗ್ ಅಂಡ್ ಕೌಲೂನ್ ವಾರ್ಫ್ ಅಂಡ್ ಗೋಡೌನ್ ಕಂಪನಿ’. ಅದನ್ನು ಕಟ್ಟಿದವರಲ್ಲಿ ಮುಖ್ಯನಾದವನು ಕಲ್ಕತ್ತೆಯಲ್ಲಿ ಹುಟ್ಟಿದ ಆರ್ಮೇನಿಯನ್, ಪಾಲ್ ಚೇಟರ್.

ಗೋಡೌನ್ ನೋಡಲಿಕ್ಕೆ ಇಂಗ್ಲಿಷ್, ಹುಟ್ಟಿನಿಂದಲ್ಲ. ಸರಕು ಇಡಲು ಕೆಳಗಿನ ಮಾಳಿಗೆಗೆ ಇಳಿಯಬೇಕು, ಅದಕ್ಕೇ ‘ಗೋ ಡೌನ್’ ಎಂಬ ಕತೆ ಕೇಳಲು ಚೆಂದ, ಅಷ್ಟೆ. ಮಲಯ ಭಾಷೆಯಲ್ಲಿ ಉಗ್ರಾಣಕ್ಕೆ ‘ಗುದಾಂಗ್’ ಎನ್ನುತ್ತಾರೆ. ಪೋರ್ಚುಗೀಸರು ಅದನ್ನು ‘ಗುದಾಂವ್’ ಮಾಡಿಕೊಂಡರು, ಇಂಗ್ಲಿಷರು ಗೋಡೌನ್ ಮಾಡಿದರು. ಮಲಯಕ್ಕೆ ಅದು ಹೋದದ್ದು ನಮ್ಮ ಕಡೆಯಿಂದಲೇ ಎಂದು, ಅದೇ 1886ರಲ್ಲಿ ಅಚ್ಚಾದ ‘ಹಾಬ್ಸನ್-ಜಾಬ್ಸನ್’ ಕೋಶ ತಮಿಳಿನ ‘ಕಿಡಂಗು’, ತೆಲುಗಿನ ‘ಗಿಡ್ಡಂಗಿ’ಗಳತ್ತ ಬೆರಳು ತೋರುತ್ತದೆ. ತಮಿಳಿನಲ್ಲಿ ‘ಕಿಡ’ ಎಂದರೆ ಬಿದ್ದಿರು. ಹಳಗನ್ನಡದ ‘ಕೆಡೆ’ಯೂ ಬೀಳುವುದೇ. ಸರಕು ಬಿದ್ದಿರುವ ಜಾಗ ಕಿಡಂಗು. ನಮ್ಮ ಗಡಂಗೂ ಈ ಮನೆಯದೇ ಎಂದು ನನ್ನ ಎಣಿಕೆ. ಊರೂರು ಸುತ್ತಿ ಗೋದಾಮು, ಗೋಡೌನು ಎಂಬ ಹೊಸ ವೇಷದಲ್ಲಿ ಮರಳಿದ ನೆಂಟನನ್ನು ಗಡಂಗು ಗುರುತಿಸಲಿಲ್ಲ, ಪಾಪ.

ಹಾಂಗ್‌ಕಾಂಗಿಗೆ ಗೋಡೌನ್ ಎಂಬ ಪದ ಏಕೆ ಬೇಕಾಯಿತು? ಬ್ರಿಟಿಷರು 1841ರಲ್ಲಿ ಅದನ್ನು ಸುಂಕವಿಲ್ಲದ ಬಂದರೆಂದು ಸಾರಿದರು. ಯಾರದೋ ಸರಕು ಯಾರಿಗೋ ಹೋಗುವ ದಾರಿಯಲ್ಲಿ ನಾಲ್ಕು ದಿನ ಬಿದ್ದಿರುವುದೇ ಊರಿನ ಜೀವನೋಪಾಯವಾಯಿತು. ಆದರೆ ಬಿದ್ದಿರಲು ನೆಲವೆಲ್ಲಿ? ಸುಮಾರು 1,100 ಚದರ ಕಿಲೋಮೀಟರಿನಲ್ಲಿ ಹೆಚ್ಚಿನದು ಗುಡ್ಡ. ಕಟ್ಟಡಗಳಿರುವುದು ಕಾಲುಭಾಗದಷ್ಟರಲ್ಲಿ, ಜನ 75 ಲಕ್ಷ. ಸೇಂಟ್ ಜಾನ್ಸ್ ಕೆಥೆಡ್ರಲ್ ನಿಂತ ತುಂಡನ್ನು ಬಿಟ್ಟರೆ ನೆಲವೆಲ್ಲ ಸರ್ಕಾರದ್ದು. ಅದು ಮಾರುವುದಿಲ್ಲ, ಗುತ್ತಿಗೆಗೆ ಕೊಡುತ್ತದೆ. ತೆರಿಗೆ ಕಡಿಮೆ ಇಟ್ಟು ಬೊಕ್ಕಸ ತುಂಬಿಸುವ ಗುಟ್ಟು ಇದರಲ್ಲಿದೆ, ಬಾಡಿಗೆ ಆಕಾಶಕ್ಕೇರುವ ಗುಟ್ಟೂ ಇದರಲ್ಲೇ.

1972ರಲ್ಲಿ ಕ್ವಾಯ್ ಚುಂಗ್‌ನಲ್ಲಿ ಕಂಟೇನರ್ ಬಂದರು ಶುರುವಾಯಿತು. ಕಬ್ಬಿಣದ ಪೆಟ್ಟಿಗೆಯೇ ನಡೆದಾಡುವ ಉಗ್ರಾಣವಾದ ಮೇಲೆ ಕೌಲೂನ್ ದಂಡೆಯ ಹಳೆಯ ಗೋಡೌನುಗಳಿಗೆ ಕೆಲಸವೇನು? ಅಲ್ಲೀಗ ಹಾರ್ಬರ್ ಸಿಟಿ ಎಂಬ ಮಾಲ್ ಇದೆ.

ಕ್ಯಾಂಟನೀಸ್ ಮಾತಾಡುವ ಜನ ಗೋಡೌನ್ ಎನ್ನುವುದೇ ಇಲ್ಲ. ಅವರಿಗೆ ಉಗ್ರಾಣ ‘ಚೊಂಗ್’. ಬೆಂಕಿಪೊಟ್ಟಣದಂಥ ಮನೆಗಳಲ್ಲಿ ಹಿಡಿಸದ ಚಳಿಗಾಲದ ಬಟ್ಟೆ, ಹಳೆಯ ಪುಸ್ತಕಗಳನ್ನು ಇಡಲು ಹಳೆಯ ಕಾರ್ಖಾನೆ ಕಟ್ಟಡಗಳಲ್ಲಿ ಬೀರುವಿನಷ್ಟು ಗೂಡುಗಳು ಬಾಡಿಗೆಗೆ ಸಿಗುತ್ತವೆ. ಅವಕ್ಕೆ ‘ಮಿನಿ ಚೊಂಗ್’ ಎಂಬ ಹೆಸರು. 2016ರಲ್ಲಿ ಅಂಥದೊಂದು ಕಟ್ಟಡ ನಾಲ್ಕು ದಿನಕ್ಕೂ ಹೆಚ್ಚು ಉರಿದು ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು.

ಚೇಟರನ ಕಂಪನಿ ಇಂದಿಗೂ ಇದೆ. ಹೆಸರಿನಲ್ಲಿ ‘ವಾರ್ಫ್’ ಉಳಿದಿದೆ, ‘ಗೋಡೌನ್’ ಬಿದ್ದುಹೋಗಿದೆ.