ಲಿಡಿತ್ಸೆ: ಒಂದು ಬೊಹೀಮಿಯನ್ ಗ್ರಾಮದ ನೆಲ ಮತ್ತು ಚರಿತ್ರೆ

ಗ್ರಾಮಚರಿತ್ರೆಯನ್ನು ಬರೆಯಹೊರಟವರು ಮೊದಲು ನೆಲವನ್ನು ನೋಡುವುದು ವಾಡಿಕೆ. ಹಳ್ಳದ ಪಾತ್ರ, ಕೆರೆಯ ಏರಿ, ಸ್ಮಶಾನದ ಕಲ್ಲುಗಳು, ಹೊಲಗಳ ಬದುಗಳು ಲಿಖಿತ ದಾಖಲೆಗಳಷ್ಟೇ ಪ್ರಮಾಣಭೂತವಾದುವು. ನಾವು ಇಲ್ಲಿ ಪರಿಶೀಲಿಸುವ ಗ್ರಾಮದಲ್ಲಾದರೋ ಈ ಪ್ರಮಾಣಗಳನ್ನೇ ಬುದ್ಧಿಪೂರ್ವಕವಾಗಿ ಅಳಿಸಲಾಯಿತು. ಆದಕಾರಣ ಇದರ ಅಧ್ಯಯನಕ್ಕೆ ಒಂದು ವಿಶೇಷ ಮಹತ್ತ್ವವುಂಟು.

ಪ್ರಾಗ್ ನಗರದ ವಾಯವ್ಯಕ್ಕೆ ಸುಮಾರು 20 ಕಿಲೋಮೀಟರು ದೂರದಲ್ಲಿ, ತಗ್ಗಾದ ದಿಬ್ಬಗಳ ನಡುವಣ ಕಿರುಕಣಿವೆಯೊಂದರಲ್ಲಿ ಲಿಡಿತ್ಸೆ ನೆಲೆಸಿತ್ತು. ಇದರ ಮೊದಲ ಲಿಖಿತ ಉಲ್ಲೇಖ 1318ರದು. ಮೂವತ್ತು ವರ್ಷಗಳ ಯುದ್ಧದಲ್ಲಿ ಹಾಳಾದ ಇಲ್ಲಿನ ಸಂತ ಮಾರ್ಟಿನನ ಚರ್ಚು ಹದಿನೆಂಟನೆಯ ಶತಮಾನದಲ್ಲಿ ಬರೋಕ್ ಶೈಲಿಯಲ್ಲಿ ಮತ್ತೆ ತಲೆಯೆತ್ತಿತು. ಬೊಹೀಮಿಯದ ನೂರಾರು ಗ್ರಾಮಗಳಂತೆ ಇದೂ ಒಂದು. ಹತ್ತೊಂಬತ್ತನೆಯ ಶತಮಾನದಲ್ಲಿ ನೆರೆಯ ಕ್ಲಾಡ್ನೊ ಪಟ್ಟಣದಲ್ಲಿ ಕಲ್ಲಿದ್ದಲ ಗಣಿಗಳೂ ಉಕ್ಕಿನ ಕಾರ್ಖಾನೆಗಳೂ ಬೆಳೆದ ಮೇಲೆ, ಊರಿನ ಗಂಡಸರಲ್ಲಿ ಬಹುಮಂದಿ ಗಣಿಗೋ ಕುಲುಮೆಗೋ ದುಡಿಯಲು ಹೋಗತೊಡಗಿದರು. ಹೀಗೆ ಇದು ಅರ್ಧ ಬೇಸಾಯದ, ಅರ್ಧ ಕಾರ್ಮಿಕರ ಊರಾಯಿತು. 1942ರಲ್ಲಿ ಕೆಲವರ ಗತಿಯನ್ನು ಕಾರ್ಖಾನೆಯ ರಾತ್ರಿಪಾಳಿಯೇ ಕೆಲವು ದಿನ ಮುಂದೂಡಿತು ಎಂಬುದನ್ನು ಇಲ್ಲಿ ನೆನೆಯಬೇಕು.

ಆ ವರ್ಷದ ಮೇ 27ರಂದು ಪ್ರಾಗ್‌ನಲ್ಲಿ ಜರ್ಮನ್ ಪ್ರಭುತ್ವದ ಪ್ರತಿನಿಧಿ ರೈನ್‌ಹಾರ್ಡ್ ಹೈಡ್ರಿಕ್‌ನ ಮೇಲೆ ಹಲ್ಲೆ ನಡೆಯಿತು. ಬ್ರಿಟನ್ನಿನಿಂದ ಬಂದು ವಿಮಾನದಿಂದ ಇಳಿದಿದ್ದ ಗಾಬ್ಚಿಕ್ ಮತ್ತು ಕುಬಿಷ್ ಎಂಬ ಸೈನಿಕರು ಈ ಕಾರ್ಯವನ್ನೆಸಗಿದ್ದರು. ಜೂನ್ 4ರಂದು ಹೈಡ್ರಿಕ್ ಸತ್ತನು. ಸ್ಲಾನಿ ಪಟ್ಟಣದ ಕಾರ್ಖಾನೆಯೊಂದರಲ್ಲಿ ಸಿಕ್ಕಿದ ಒಂದು ಖಾಸಗಿ ಪತ್ರದಿಂದ ಲಿಡಿತ್ಸೆಯ ಮೇಲೆ ಸಂಶಯ ಹುಟ್ಟಿತು. ಊರಿನ ಹೊರಾಕ್ ಮತ್ತು ಸ್ಟ್ರೀಬ್ರ್ನಿ ಮನೆತನಗಳ ಮಕ್ಕಳಿಬ್ಬರು ಬ್ರಿಟನ್ನಿನಲ್ಲಿ ಚೆಕೊಸ್ಲೊವಾಕ್ ಸೇನೆ ಸೇರಿದ್ದುದೂ ಗೊತ್ತಿತ್ತು. ಶೋಧನೆ ನಡೆಯಿತು; ದೋಷಾರೋಪಕ್ಕೆ ಆಧಾರವಾಗುವಂಥದೇನೂ ಸಿಗಲಿಲ್ಲ. ಗ್ರಾಮಕ್ಕೂ ಹಲ್ಲೆಗೂ ಸಂಬಂಧವಿರಲಿಲ್ಲ. ಕೆಲವು ಜನಪ್ರಿಯ ಬರೆಹಗಳಲ್ಲಿ ಊರು ಹಂತಕರಿಗೆ ಆಶ್ರಯವಿತ್ತಿತೆಂದು ಹೇಳಿರುವುದು ಜರ್ಮನ್ ಪ್ರಕಟಣೆಯ ಮಾತನ್ನೇ ಅರಿವಿಲ್ಲದೆ ಪುನರುಚ್ಚರಿಸಿದಂತೆ.

ಜೂನ್ 9ರ ರಾತ್ರಿ ಊರನ್ನು ಸುತ್ತುವರಿದರು. ಮರುದಿನ ಹೊರಾಕರ ತೋಟದ ಮನೆಯ ಬಳಿ 173 ಗಂಡಸರನ್ನು ಗುಂಡಿಟ್ಟು ಕೊಂದರು. 73 ವರ್ಷದ ಪಾದ್ರಿ ಯೋಸೆಫ್ ಶ್ಟೆಂಬೆರ್ಕಾ ಅವರಲ್ಲೊಬ್ಬರು. ಅಂದು ಊರಲ್ಲಿರದವರು ಮತ್ತು ಮೊದಲೇ ಬಂಧಿತರಾದವರು ಸೇರಿ 26 ಮಂದಿಯನ್ನು ಜೂನ್ 16ರಂದು ಪ್ರಾಗ್‌ನ ಕೊಬಿಲಿಸಿಯಲ್ಲಿ ಕೊಲ್ಲಲಾಯಿತು. ಇವರಲ್ಲಿ 7 ಮಂದಿ ಹೆಂಗಸರು. ಗ್ರಂಥಗಳಲ್ಲಿ 173, 192 ಎಂಬ ಎರಡು ಸಂಖ್ಯೆಗಳು ಕಾಣಬರುವುದಕ್ಕೆ ಇದೇ ಕಾರಣ: ಮೊದಲನೆಯದು ಊರಿನಲ್ಲಿ ಹತರಾದ ಗಂಡಸರದು, ಎರಡನೆಯದು ಹತರಾದ ಎಲ್ಲ ಗಂಡಸರದು. ಉಳಿದ ಹೆಂಗಸರನ್ನು ರಾವೆನ್ಸ್‌ಬ್ರೂಕ್ ಶಿಬಿರಕ್ಕೆ ಸಾಗಿಸಿದರು. 143 ಮಂದಿ ಹಿಂದಿರುಗಿದರು. 82 ಮಕ್ಕಳನ್ನು ಪೋಲೆಂಡಿನ ಹೆಲ್ಮ್ನೊದಲ್ಲಿ ವಿಷಾನಿಲದಿಂದ ಕೊಲ್ಲಲಾಯಿತು. ಯುದ್ಧಾನಂತರ ತಾಯ್ನಾಡಿಗೆ ಮರಳಿದ ಮಕ್ಕಳು 17 ಮಂದಿ ಮಾತ್ರ.

ಮನೆಗಳನ್ನು ಸುಟ್ಟು, ಚರ್ಚನ್ನು ಸಿಡಿಸಿದ ಮೇಲೂ ಕೆಲಸ ನಿಲ್ಲಲಿಲ್ಲ. ಮರಗಳನ್ನು ಕಡಿದರು, ಕೆರೆಯನ್ನು ತುಂಬಿದರು, ಹಳ್ಳದ ಪಾತ್ರವನ್ನು ಬದಲಿಸಿದರು, ಸ್ಮಶಾನವನ್ನು ಅಗೆದರು. ಸತ್ತವರ ಮೇಲೂ ತೀರದ ಈ ಹಗೆ ಕೇವಲ ಕ್ರೋಧದ ಫಲವಲ್ಲ; ಅಲ್ಲೊಂದು ಊರಿತ್ತೆಂಬ ಗುರುತೇ ಉಳಿಯಬಾರದೆಂಬ ಲೆಕ್ಕಾಚಾರ ಇದರಲ್ಲಿ ಸ್ಪಷ್ಟವಾಗಿದೆ. ವಿಚಿತ್ರವೆಂದರೆ, ಅಳಿಸಿದವರೇ ಅದನ್ನು ಚಲನಚಿತ್ರವಾಗಿ ತೆಗೆದಿಟ್ಟರು, ಜಗತ್ತಿಗೆ ಸಾರಿಯೂ ಹೇಳಿದರು. ಚರಿತ್ರಕಾರನಿಗೆ ಈಗ ಒದಗುವ ಸಾಮಗ್ರಿಯಲ್ಲಿ ಒಂದು ಭಾಗ ಘಾತಕರ ಕೈಬರೆಹವೇ. ಇನ್ನೊಂದು ಭಾಗ ಮರಳಿ ಬಂದ ಹೆಂಗಸರ ನೆನಪು. ಹೊಲದ ಹೆಸರುಗಳು, ಮನೆಗಳ ಸಾಲು, ಯಾರ ಬಾವಿ ಎಲ್ಲಿತ್ತೆಂಬ ವಿವರ ಇವರಿಂದಲೇ ತಿಳಿಯತಕ್ಕವು. ಇಂಥ ವಿಷಯಗಳಲ್ಲಿ ಆ ಹೆಂಗಸರ ಮಾತಿಗೆ ಕಚೇರಿಯ ಕಾಗದಕ್ಕಿಂತ ಹೆಚ್ಚಿನ ಬೆಲೆ ಕೊಡಬೇಕೆಂದು ನಮ್ಮ ಅಭಿಪ್ರಾಯ.

ಲಿಡಿತ್ಸೆಯ ಹೆಸರನ್ನು ಮೆಕ್ಸಿಕೊ, ಅಮೆರಿಕ ಮೊದಲಾದೆಡೆಯ ಊರುಗಳಿಗೆ ಇಟ್ಟರು. ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್ ಪಟ್ಟಣದ ಗಣಿಕಾರ್ಮಿಕರು ವೈದ್ಯ ಬಾರ್ನೆಟ್ ಸ್ಟ್ರಾಸ್‌ರ ಮುಂದಾಳುತನದಲ್ಲಿ 1942ರಲ್ಲಿಯೇ ಪುನರ್ನಿರ್ಮಾಣಕ್ಕಾಗಿ ಹಣ ಕೂಡಿಸತೊಡಗಿದರು. ಗಣಿಯೂರಿನ ಸಂಕಟ ಗಣಿಯೂರಿಗೆ ಬೇಗ ಅರ್ಥವಾದಂತಿದೆ. 1947ರಲ್ಲಿ ಹೊಸ ಗ್ರಾಮಕ್ಕೆ ಅಸ್ತಿಭಾರ ಬಿದ್ದಿತು, 150 ಮನೆಗಳೆದ್ದವು. ಹಳೆಯ ನಿವೇಶನದ ಮೇಲೆ ಮಾತ್ರ ಯಾರೂ ಕಟ್ಟಲಿಲ್ಲ. ಎರಡು ನೆಲಗಳ ನಡುವೆ 1955ರಲ್ಲಿ ಗುಲಾಬಿ ತೋಟವೊಂದು ತೆರೆಯಿತು.

1942ರ ಜೂನ್ 24ರಂದು ಇದೇ ಗತಿಗೆ ಈಡಾದ ಲೆಜಾಕಿ ಎಂಬ ಹಳ್ಳಿಯನ್ನು ಮತ್ತೆ ಕಟ್ಟಲಿಲ್ಲ. ಹಂತಕರೊಡನೆ ನಿಜವಾಗಿ ಸಂಪರ್ಕವಿದ್ದ ರೇಡಿಯೋ ಯಂತ್ರವೊಂದು ಇದ್ದುದು ಅಲ್ಲಿ. ಆ ಹಳ್ಳಿಯ ಹೆಸರು ಬೊಹೀಮಿಯದ ಹೊರಗೆ ಕೇಳಿಬರುವುದು ಬಹು ವಿರಳ.