ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಚಿಟ್ಟೆಯ ಬಣ್ಣ

1758ರಲ್ಲಿ ಲಿನೇಯಸ್ ಯುರೋಪಿನ ಎರಡು ಚಿಟ್ಟೆಗಳಿಗೆ ಲೆವಾನಾ, ಪ್ರೋರ್ಸಾ ಎಂದು ಬೇರೆ ಬೇರೆ ಹೆಸರು ಕೊಟ್ಟ. ಅವನನ್ನು ದೂರುವಂತಿಲ್ಲ. ವಸಂತದ ಲೆವಾನಾಗೆ ಕಿತ್ತಳೆ ರೆಕ್ಕೆ, ಅದರ ತುಂಬ ಕಪ್ಪು ಮಚ್ಚೆ. ಬೇಸಿಗೆಯ ಪ್ರೋರ್ಸಾ ಅಚ್ಚಕಪ್ಪು, ಅಡ್ಡಕ್ಕೊಂದು ಬಿಳಿ ಪಟ್ಟೆ. ಮರಿಹುಳು ಸಾಕಿ ನೋಡಿದವರಿಗೆ ಮಾತ್ರ ಇವೆರಡೂ ತಾಯಿ ಮಕ್ಕಳೆಂದು ತಿಳಿಯಿತು. ಆಮೇಲೆ ಹುಟ್ಟಿಕೊಂಡದ್ದು ಪ್ಯೂಪಾಗಳನ್ನು ಮಂಜುಗಡ್ಡೆಯಲ್ಲಿಡುವ ಪರಿಪಾಠ. ಆಸ್ಟ್ರಿಯಾದ ಡಾರ್ಫ್‌ಮೈಸ್ಟರ್ 1864ರಲ್ಲಿ ತಾಪಮಾನದ ಪ್ರಯೋಗಗಳನ್ನು ಪ್ರಕಟಿಸಿದ. ಫ್ರೈಬರ್ಗಿನ ವೈಸ್‌ಮನ್ 1875ರಲ್ಲಿ ಅದನ್ನೇ ಪುಸ್ತಕವಾಗಿ ಬೆಳೆಸಿದ. ಬೇಸಿಗೆಯ ಪ್ಯೂಪಾವನ್ನು ಚಳಿಯಲ್ಲಿಟ್ಟರೆ ಎಷ್ಟೋ ಸಲ ವಸಂತದ ಬಣ್ಣವೇ ಹೊರಬರುತ್ತಿತ್ತು. ಆದರೆ ಪ್ಯೂಪಾ ಕಟ್ಟಿದ ಮೊದಲ ದಿನಗಳಲ್ಲೇ ಇಡಬೇಕು, ತಡವಾದರೆ ಫಲವಿಲ್ಲ. ನನ್ನ ಮಟ್ಟಿಗೆ ಆ ಪರಿಪಾಠ ಬಿಟ್ಟುಹೋದ ಮುಖ್ಯ ಸಾಕ್ಷ್ಯ ಇದು: ಬಣ್ಣ ಕಣ್ಣಿಗೆ ಕಾಣುವುದು ಚಿಟ್ಟೆ ಹೊರಬರುವ ಮುಂಚಿನ ಕೊನೆಯ ಗಳಿಗೆಯಲ್ಲಾದರೂ ಚಿತ್ತಾರ ತೀರ್ಮಾನವಾಗುವುದು ಎಷ್ಟೋ ಮೊದಲು.

ಚಳಿ ರೆಕ್ಕೆಯನ್ನು ಕೆಡಿಸಿತು ಅಷ್ಟೆ, ಅದರಲ್ಲಿ ಚಿತ್ತಾರದ ಗುಟ್ಟೇನು ಎಂದು ಕೇಳಬಹುದು. ಕೆಟ್ಟದ್ದಾಗಿದ್ದರೆ ಒಂದೊಂದೂ ಒಂದೊಂದು ರೀತಿ ಕೆಡಬೇಕಿತ್ತು. ಶತಮಾನದ ಕೊನೆಗೆ ಜ್ಯೂರಿಚ್‌ನಲ್ಲಿ ಸ್ಟ್ಯಾಂಡ್‌ಫಸ್, ಫಿಶರ್ ಮೊದಲಾದವರು ಬೇರೆ ಚಿಟ್ಟೆಗಳ ಪ್ಯೂಪಾಗಳಿಗೆ ಕಡುಚಳಿ, ಕಡುಬಿಸಿ ಎರಡನ್ನೂ ತಾಗಿಸಿದಾಗ ಎರಡರಿಂದಲೂ ಒಂದೇ ಬಗೆಯ ವಿಲಕ್ಷಣ ಚಿಟ್ಟೆಗಳು ಬಂದವು. ಮಚ್ಚೆಗಳು ಒಂದಕ್ಕೊಂದು ಕೂಡಿಕೊಂಡವು, ಪಟ್ಟೆಗಳು ಸರಿದವು. ಎಲ್ಲವೂ ಒಂದು ಕ್ರಮದಲ್ಲಿ. ಗೀಚಿದ ಗೆರೆಗಳಲ್ಲ ಅವು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿತ್ತು. ಚಳಿ ಕೊಟ್ಟರೆ ಬೇಸಿಗೆಯದು ವಸಂತದ್ದಾಗುತ್ತದೆ, ಆದರೆ ಚಳಿಗಾಲ ಕಳೆಯಬೇಕಾದ ಪ್ಯೂಪಾವನ್ನು ಬೆಚ್ಚಗಿಟ್ಟರೆ ಅದು ಬೇಸಿಗೆಯದಾಗಲು ಒಪ್ಪುವುದಿಲ್ಲ. ಹಾಗಾಗಿ ವಸಂತದ್ದೇ ಹಿಮಯುಗದ ಮೂಲರೂಪ, ಚಳಿ ಅದನ್ನು ಮರಳಿ ಕರೆಯುತ್ತದೆ ಎಂದು ವೈಸ್‌ಮನ್ ವಾದಿಸಿದ. ಚೆಂದದ ಊಹೆ, ಆದರೆ ಬೇಕಿರಲಿಲ್ಲ. ನಿಸರ್ಗದಲ್ಲಿ ಮುಖ್ಯ ಸುಳಿವು ಹಗಲಿನ ಉದ್ದ ಎಂಬುದು ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಸ್ಪಷ್ಟವಾಯಿತು: ಮರಿಹುಳು ಕಿರುಹಗಲು ಕಂಡರೆ ಪ್ಯೂಪಾ ನಿದ್ದೆಗೆ ಜಾರುತ್ತದೆ, ಪೊರೆ ಕಳಚಿಸುವ ಹಾರ್ಮೋನು ತಡವಾಗಿ ಹರಿಯುತ್ತದೆ. 1987ರಲ್ಲಿ ಕೋಖ್ ಮತ್ತು ಬ್ಯೂಕ್‌ಮನ್ ನಿದ್ದೆಗೆ ಜಾರುವ ಪ್ಯೂಪಾಗೆ ಆ ಹಾರ್ಮೋನನ್ನು ಬೇಗನೆ ಚುಚ್ಚಿದಾಗ ಬೇಸಿಗೆಯ ಕಪ್ಪು ರೆಕ್ಕೆಯೇ ಬಂತು. ಬರಿಯ ಬೆಚ್ಚನೆಯ ಗಾಳಿಗೆ ಸಾಧ್ಯವಾಗದ್ದನ್ನು ಹಾರ್ಮೋನಿನ ಸಮಯ ಮಾಡಿ ತೋರಿಸಿತು.

ಋತುವಿಗೆ ತಕ್ಕ ಬಣ್ಣ ಯುರೋಪಿಗಷ್ಟೇ ಸೀಮಿತವೇನಲ್ಲ. 1880ರ ದಶಕದಲ್ಲಿ ಕಲ್ಕತ್ತೆಯಲ್ಲಿ ದ ನಿಸೆವಿಲ್ ಚಿಟ್ಟೆಗಳನ್ನು ಸಾಕಿ, ಬೇರೆ ಪ್ರಭೇದಗಳೆಂದು ನಂಬಿದ್ದವು ಮಳೆಗಾಲ, ಒಣಕಾಲದ ರೂಪಗಳೆಂದು ತೋರಿಸಿದ. ಕರ್ನಾಟಕದಲ್ಲೂ ಮುಸ್ಸಂಜೆಗೆ ಹಾರುವ ಈವ್ನಿಂಗ್ ಬ್ರೌನ್‌ನ ರೆಕ್ಕೆಯಡಿ ಮಳೆಗಾಲದಲ್ಲಿ ಕಣ್ಣುಗಳ ಸಾಲು. ಬೇಸಿಗೆಯಲ್ಲಿ ಅವು ಕುಗ್ಗಿ, ಒಣಗಿದ ಎಲೆಯ ಬಣ್ಣವಷ್ಟೇ ಉಳಿಯುತ್ತದೆ.